60 ಲಕ್ಷದಲ್ಲಿ ಹಾರರ್ ಥ್ರಿಲ್ಲರ್: ದುಡ್ಡು ಸೋರೋದು ಎಲ್ಲೆಲ್ಲಿ?

ಒಂದೇಮನೆ_ಕಥೆ
ಸ್ಕ್ರಿಪ್ಟ್ ಲಾಕ್ ಆಗಿದೆ. ಕೊಪ್ಪ ಕಡೆಯ ಹಳೇ ತೊಟ್ಟಿ ಮನೆ, ಸುತ್ತ ಅಡಿಕೆ ತೋಟ, ಆರು ಪಾತ್ರ, 105 ನಿಮಿಷ. ಮುಕ್ಕಾಲು ಪಾಲು ರಾತ್ರಿ ದೃಶ್ಯ, ಅದರಲ್ಲೂ ಒಂದಿಷ್ಟು ಮಳೆ. ಕೈಯಲ್ಲಿರೋದು 60 ಲಕ್ಷ. ಛಾಯಾಗ್ರಾಹಕರು ಅಲೆಕ್ಸಾ ಕ್ಯಾಮೆರಾನೇ ಬೇಕು ಅಂತಿದ್ದಾರೆ, ನಿರ್ಮಾಪಕರು 22 ದಿನದಲ್ಲಿ ಮುಗಿಸಿ ಅಂತಿದ್ದಾರೆ. ಬಿಡುಗಡೆಗೆ ಅಂತ ಏನೂ ಎತ್ತಿಟ್ಟಿಲ್ಲ, ಟ್ರೇಲರ್ ನೋಡಿ ಓಟಿಟಿಯವರು ಬರ್ತಾರೆ ಅನ್ನೋ ಲೆಕ್ಕ. ಎಲ್ಲೆಲ್ಲಿ ಎಡವುತ್ತೆ, ನೇರವಾಗಿ ಹೇಳಿ.

ಗಾಂಧಿನಗರ_ಕಾರ್ನರ್
ಎಡವೋದು ಕೊನೇ ವಾಕ್ಯದಲ್ಲಿ. 60 ಲಕ್ಷ ಇದೆ ಅಂದ್ರೆ ನಿಮ್ಮದು 40 ಲಕ್ಷದ ಸಿನಿಮಾ. 15 ಲಕ್ಷ ಬಿಡುಗಡೆಗೆ ಬೇರೆ ಖಾತೆಗೆ ಹಾಕಿ, ಚೆಕ್ ಬುಕ್ ನಿರ್ದೇಶಕರ ಕೈಗೆ ಸಿಗಬಾರದು. 5 ಲಕ್ಷ ಮಳೆ, ಜ್ವರ, ಜನರೇಟರ್ ಕೆಟ್ಟಿದ್ದಕ್ಕೆ. ಉಳಿದ 40ರಲ್ಲಿ ಶೂಟಿಂಗ್ 24, ಪೋಸ್ಟ್ ಪ್ರೊಡಕ್ಷನ್ 12, ಕಾಗದಪತ್ರ ಮತ್ತು ಆಫೀಸು 4. ಆ 12ರಲ್ಲಿ ಅರ್ಧ ಸೌಂಡಿಗೆ. ಹಾರರ್‌ನಲ್ಲಿ ಜನ ಕಣ್ಣು ಮುಚ್ಕೋತಾರೆ, ಕಿವಿ ಮುಚ್ಕೊಳ್ಳಲ್ಲ.

ಓಟಿಟಿಯವರು ಟ್ರೇಲರ್ ನೋಡಿ ಮುಂಗಡ ಕೊಡೋ ಕಾಲ ಸ್ಟಾರ್ ಇಲ್ಲದ ಕನ್ನಡ ಚಿತ್ರಗಳ ಮಟ್ಟಿಗೆ ಮುಗೀತು. ಈಗ ಹೊಸಬರಿಗೆ ಸಿಗೋದು ಹೆಚ್ಚಾಗಿ ಬಾಡಿಗೆ ಇಲ್ಲವೇ ನೋಡಿದ ನಿಮಿಷಗಳ ಮೇಲಿನ ಪಾಲು. ಥಿಯೇಟರಲ್ಲಿ ಸದ್ದು ಮಾಡಿದ್ರೆ ಮಾತ್ರ ಮಾತುಕತೆ ಬೇರೆ.

ಲೈಟ್_ಕಂಬ
ಮೊದಲು 22 ದಿನದ ಲೆಕ್ಕ. 105 ನಿಮಿಷಕ್ಕೆ 22 ಅಂದ್ರೆ ದಿನಕ್ಕೆ ಹತ್ರತ್ರ 4 ನಿಮಿಷ 45 ಸೆಕೆಂಡ್ ಫೈನಲ್ ಫುಟೇಜ್. ಹಗಲಲ್ಲಿ ಸರಿ. ರಾತ್ರಿ ಹೊರಾಂಗಣದಲ್ಲಿ ಲೈಟ್ ಜಾಗ ಬದಲಿಸೋಕೇ ಮುಕ್ಕಾಲು ಗಂಟೆ ಹೋಗುತ್ತೆ, ಒಂದು ರಾತ್ರಿಗೆ 12–15 ಶಾಟ್ ಬಂದ್ರೆ ಪುಣ್ಯ. ಬೆಳಗಿನ ಜಾವ ಮೂರರ ಮೇಲೆ ಯೂನಿಟ್‌ನ ಅರ್ಧ ಜನ ನಿಂತಲ್ಲೇ ನಿದ್ದೆ ಮಾಡ್ತಿರ್ತಾರೆ. ರಾತ್ರಿ ಕಾಲ್‌ಶೀಟ್‌ಗೆ ಬಾಟಾ (ದಿನದ ಭತ್ಯೆ) ಬೇರೆ.

ಅದಕ್ಕೆ ಉಪಾಯ: ಮನೆ ಒಳಗಿನ ರಾತ್ರಿ ದೃಶ್ಯಗಳನ್ನ ಹಗಲಲ್ಲಿ ತೆಗೀರಿ. ಕಿಟಕಿಗೆ ಅಂಟಿಸಿ ಕಪ್ಪು ಬಟ್ಟೆ ಹೊಡೀಬೇಡಿ. ಹೊರಗೆ ಮೂರು ನಾಲ್ಕು ಅಡಿ ಬಿಟ್ಟು ಬೊಂಬು ಕಟ್ಟಿ, ಅದರ ಮೇಲೆ ಕಪ್ಪು ಬಟ್ಟೆ ಇಳಿಬಿಡಿ. ಆ ಸಂದಿಯಲ್ಲಿ ಒಂದು ಲೈಟ್ ನಿಲ್ಲಿಸಿದ್ರೆ ಕಿಟಕಿ ಸರಳಿನ ನೆರಳು ಬೀಳೋ ಬೆಳದಿಂಗಳು ಸಿಗುತ್ತೆ. ಬಟ್ಟೆ ಕಿಟಕಿಗೇ ಅಂಟಿದ್ರೆ ಕಿಟಕಿ ಗೋಡೆ ಥರ ಕಾಣುತ್ತೆ. ತೊಟ್ಟಿ ಮೇಲೆ ಟಾರ್ಪಾಲ್ ಹಾಕಿದ್ರೆ ಗಾಳಿಗೆ ಪಟಪಟ ಬಡಿದು ಸೌಂಡಿನವರ ಪ್ರಾಣ ತೆಗೆಯುತ್ತೆ, ಅಲ್ಲಿಗೂ ದಪ್ಪ ಬಟ್ಟೆಯೇ ಆಗಬೇಕು. ಮಳೆಗಾಲದಲ್ಲಿ ಈ ಉಪಾಯ ತೊಟ್ಟಿಗೆ ನಡೆಯಲ್ಲ, ಕೋಣೆಗಳಿಗೆ ನಡೆಯುತ್ತೆ.

ಹೀಗೆ ಮಾಡಿದ್ರೆ ನಿಜವಾದ ರಾತ್ರಿ ಶೂಟಿಂಗ್ ಏಳೆಂಟು ರಾತ್ರಿಗೆ ಇಳಿಯುತ್ತೆ. ಅವನ್ನ ಒಟ್ಟಿಗೆ ಒಂದೇ ಕಡೆ ಹಾಕಿ. ಒಂದು ದಿನ ಹಗಲು, ಮರುದಿನ ರಾತ್ರಿ ಅಂತ ಕಲಸಿದ್ರೆ ಮಧ್ಯೆ ಒಂದು ದಿನ ರಜೆ ಕೊಡಲೇಬೇಕು, ಆ ದಿನದ ಊಟ-ವಸತಿ ಖರ್ಚು ನಿಮ್ಮ ತಲೆ ಮೇಲೆ.

ಡಿಐ_ರೂಮ್
ಅಲೆಕ್ಸಾ ಬಿಟ್ಹಾಕಿ. ಚೆನ್ನಾಗಿಲ್ಲ ಅಂತಲ್ಲ, ಆ ಬಾಡಿಗೆ ವ್ಯತ್ಯಾಸದಲ್ಲಿ ಎರಡು ಒಳ್ಳೇ ಲೈಟು, ಅದಕ್ಕೊಬ್ಬ ಗ್ಯಾಫರ್ (ಲೈಟಿಂಗ್ ಮುಖ್ಯಸ್ಥ) ಬರ್ತಾರೆ. ಸೋನಿ ಎಫ್‌ಎಕ್ಸ್3, ಎಫ್‌ಎಕ್ಸ್6 ಕ್ಯಾಮೆರಾಗಳಿಗೆ ಎಸ್-ಲಾಗ್3 ಅನ್ನೋ ರೆಕಾರ್ಡಿಂಗ್ ಬಗೆಯಲ್ಲಿ ಎರಡು ಮೂಲ ಐಎಸ್‌ಓ (ಬೆಳಕು ಹಿಡಿಯೋ ಸಾಮರ್ಥ್ಯದ ಅಂಕಿ) ಇವೆ, 800 ಮತ್ತು 12,800. ಎಲ್ಲರೂ ಮಾಡೋ ತಪ್ಪು ಅಂದ್ರೆ 3,200 ಅಥವಾ 6,400ರಲ್ಲಿ ತೆಗೆಯೋದು. ಅಲ್ಲಿ ಕೆಳಗಿನ ಮೂಲವನ್ನೇ ಎಳೆದಿರುತ್ತೆ, ನೆರಳಲ್ಲಿ ನಾಯ್ಸ್ (ಚುಕ್ಕಿ ಚುಕ್ಕಿ) ಕುಣಿಯುತ್ತೆ. ಕತ್ತಲಲ್ಲಿ ನೇರ 12,800ಕ್ಕೆ ಹೋಗಿ ಎನ್‌ಡಿ (ಬೆಳಕು ತಗ್ಗಿಸೋ ಫಿಲ್ಟರ್) ಹಾಕಿ ಇಳಿಸೋದೇ ಮೇಲು. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆ ಆದ್ರೆ ಆ ಎರಡು ಅಂಕಿ 400 ಮತ್ತು 3,200.

ಇನ್ನೊಂದು: ಮಾನಿಟರ್ ನೋಡಿ ಎಕ್ಸ್‌ಪೋಸ್ ಮಾಡ್ಬೇಡಿ. ಕಗ್ಗತ್ತಲ ತೋಟದಲ್ಲಿ ನಿಂತ ಕಣ್ಣಿಗೆ ಐದಿಂಚಿನ ಮಾನಿಟರ್ ಹಗಲಿನ ಹಾಗೆ ಕಾಣುತ್ತೆ. "ಜಾಸ್ತಿ ಬ್ರೈಟ್ ಆಯ್ತು" ಅಂತ ಇಳಿಸ್ತೀರಿ, ಡಿಐಗೆ (ಬಣ್ಣ, ಬೆಳಕು ತಿದ್ದೋ ಹಂತ) ಬಂದಾಗ ಮುಖವೇ ಇಲ್ಲ. ಫಾಲ್ಸ್ ಕಲರ್ (ಬೆಳಕಿನ ಮಟ್ಟವನ್ನ ಬಣ್ಣದಲ್ಲಿ ತೋರಿಸೋ ಮಾನಿಟರ್ ಸೌಲಭ್ಯ) ಹಾಕಿ, ಮುಖವನ್ನ ಒಂದು ಸ್ಟಾಪ್, ಅಂದ್ರೆ ಬೆಳಕು ದುಪ್ಪಟ್ಟು, ಜಾಸ್ತಿಯೇ ತೆಗೀರಿ. ಕತ್ತಲು ಮಾಡೋದು ನಮ್ಮ ಕೆಲಸ. ಇರೋದನ್ನ ಇಳಿಸಬಹುದು, ಇಲ್ಲದ್ದನ್ನ ತರೋಕಾಗಲ್ಲ.

ಲೈಟ್_ಕಂಬ
@ಡಿಐ_ರೂಮ್ ಒಂದು ಸ್ಟಾಪ್ ಓಕೆ ಸರ್. ಆದ್ರೆ ಎಲ್ಲಾ ಫ್ರೇಮಿನ ಎಲ್ಲಾ ಮೂಲೆಗೂ ಬೆಳಕು ಹೊಡೆದು "ಡಿಐನಲ್ಲಿ ಕತ್ತಲು ಮಾಡೋಣ" ಅಂದ್ರೆ ಆಗೋದು ಟೀವಿ ಧಾರಾವಾಹಿ. ಎದುರಿನಿಂದ ಬಿದ್ದ ಬೆಳಕನ್ನ ಇಳಿಸಿದ್ರೆ ಕತ್ತಲಾಗಲ್ಲ, ಬೂದಿ ಬಣ್ಣ ಆಗುತ್ತೆ. ಬೆಳಕು ಪಾತ್ರದ ಹಿಂದಿನಿಂದ ಬರಲಿ, ಮುಖದ ಒಂದು ಅಂಚು ಹೊಳೀಲಿ, ಉಳಿದದ್ದು ತಾನಾಗಿ ಕರಗಲಿ. ತೋಟಕ್ಕೆ ಒಂದೇ 600 ವ್ಯಾಟ್ ದರ್ಜೆಯ ಎಲ್‌ಇಡಿ ಸಾಕು. ಮನೆ ಹಂಚಿಗಿಂತ ಎತ್ತರದಲ್ಲಿ, ಕ್ಯಾಮೆರಾ ಎದುರಿಗೆ, ದೂರದಲ್ಲಿ. ಲೈಟ್ 5,600 ಕೆಲ್ವಿನ್, ಕ್ಯಾಮೆರಾ 4,300ರಲ್ಲಿ ಇಟ್ರೆ ಬೇಕಾದಷ್ಟು ನೀಲಿ ಬರುತ್ತೆ. 3,200ಕ್ಕೆ ಇಳಿಸಿದ್ರೆ ತೊಂಬತ್ತರ ದಶಕದ ಹಾವಿನ ಸಿನಿಮಾಗಳ ನೀಲಿ.

ಡಿಐ_ರೂಮ್
ಒಪ್ಪಿದೆ, ಮುಖದ ಮಾತು ಮಾತ್ರ ನಾನು ಹೇಳಿದ್ದು. ಜೊತೆಗೆ ಶಟರ್ ಮರೀಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮ್ ತೆಗೆಯೋವಾಗ ಶಟರ್ ಕೋನ 172.8 ಡಿಗ್ರಿ ಇಟ್ರೆ ಸರಿಯಾಗಿ ಸೆಕೆಂಡಿನ ಐವತ್ತನೇ ಒಂದು ಪಾಲು, ಬಲ್ಬ್ ಮಿನುಗಲ್ಲ. ಊರಿನ ಅಂಗಡಿಯಿಂದ ತಂದ ಅಗ್ಗದ ಎಲ್‌ಇಡಿ ಬಲ್ಬನ್ನ ಡಿಮ್ಮರ್‌ಗೆ ಹಾಕಿದ್ರೆ ಈ ಸೆಟ್ಟಿಂಗೂ ಕೈಕೊಡುತ್ತೆ. ಫ್ರೇಮಿನಲ್ಲಿ ಕಾಣೋ ಬಲ್ಬುಗಳಿಗೆ ಹಳೇ ಫಿಲಮೆಂಟ್ ಬಲ್ಬೇ ಇರಲಿ.

ಕಡಿಮೆಖರ್ಚು
ಇಷ್ಟೆಲ್ಲಾ ಯಾಕೆ, ಫೌಂಡ್ ಫುಟೇಜ್ (ಪಾತ್ರಗಳೇ ಕ್ಯಾಮೆರಾ ಹಿಡಿದು ತೆಗೆದಂತಿರೋ ಸಿನಿಮಾ) ಮಾಡ್ಬಿಡಿ ಗುರು. ಲೈಟೇ ಬೇಡ. 2013ರ ‘6-5=2’ ಓಡಲಿಲ್ವಾ?

ಗಾಂಧಿನಗರ_ಕಾರ್ನರ್
ಓಡಿತು, ಹಿಂದಿಗೂ ಹೋಯ್ತು. ಆ ಕಥೆಗೆ ಕ್ಯಾಮೆರಾ ಯಾಕಿದೆ ಅನ್ನೋ ಕಾರಣ ಇತ್ತು, ಚಾರಣಕ್ಕೆ ಹೋದವರ ಕೈಯಲ್ಲಿತ್ತು. ತೊಟ್ಟಿ ಮನೆಯೊಳಗೆ ದೆವ್ವ ಅಟ್ಟಿಸ್ಕೊಂಡು ಬರ್ತಿರೋವಾಗ ಪಾತ್ರ ಯಾಕೆ ರೆಕಾರ್ಡ್ ಮಾಡ್ತಿದೆ ಅಂತ ಎರಡನೇ ರೀಲಿನಲ್ಲೇ ಪ್ರೇಕ್ಷಕ ಕೇಳ್ತಾನೆ. ಲೈಟ್ ಉಳಿಯುತ್ತೆ ನಿಜ. ಆದ್ರೆ ಶಾಟ್ ಉದ್ದ ಆಗುತ್ತೆ, ನಟರು ಐದು ನಿಮಿಷ ತಪ್ಪಿಲ್ಲದೆ ಮಾಡಬೇಕು, ಮೂರು ವಾರ ರಿಹರ್ಸಲ್ ಬೇಕು. ಸೌಂಡಂತೂ ಇನ್ನೂ ಕಷ್ಟ: ಕ್ಯಾಮೆರಾ ಮೈಕಿನ ಹಾಗೆ ಕೇಳಬೇಕು, ಮಾತು ಸ್ಪಷ್ಟವಾಗೂ ಇರಬೇಕು.

ಬೂಮ್_ಕೋಲು
ಸೌಂಡ್ ಅಂದ್ರಲ್ಲ, ಬಂದೆ.

ಮಲೆನಾಡಲ್ಲಿ ರಾತ್ರಿ ಸಿಂಕ್ ಸೌಂಡ್ (ಶೂಟಿಂಗಲ್ಲೇ ಮಾತು ರೆಕಾರ್ಡ್ ಮಾಡೋದು) ಅಂದ್ರೆ ಜೀರುಂಡೆಯ ಜೊತೆ ಒಪ್ಪಂದ. ಮಳೆ ಬಿದ್ದ ಮೇಲೆ ಕಪ್ಪೆಯೂ ಸೇರುತ್ತೆ. ಸದ್ದು ಇರೋದು ತೊಂದರೆ ಅಲ್ಲ. ಒಂದು ಶಾಟಿನಲ್ಲಿ ಜೋರು, ಮುಂದಿನ ಶಾಟಿನಲ್ಲಿ ನಿಂತು ಹೋಗಿರುತ್ತೆ, ಕಟ್ ಮಾಡಿದ ಕಡೆಯೆಲ್ಲ ಜೋಡಣೆ ಕಿವಿಗೆ ಗೊತ್ತಾಗುತ್ತೆ. ಹೊರಾಂಗಣ ರಾತ್ರಿ ಪೂರ್ತಿ ಡಬ್ಬಿಂಗ್ ಅಂತಲೇ ಇಟ್ಕೊಳ್ಳಿ, ಪೈಲಟ್ ಟ್ರ್ಯಾಕ್ (ಡಬ್ಬಿಂಗ್‌ಗೆ ಆಧಾರವಾಗೋ ಕಚ್ಚಾ ಸೌಂಡ್) ಮಾತ್ರ ತಗೊಳ್ಳಿ. ಒಳಾಂಗಣ ಹಗಲಲ್ಲಿ ತೆಗೆಯೋದಾದ್ರೆ ಸಿಂಕ್ ಸಾಧ್ಯ. ಪಿಸುಮಾತು, ಬಿಕ್ಕಳಿಕೆ, ಏದುಸಿರು, ಇವು ಡಬ್ಬಿಂಗ್ ಥಿಯೇಟರಿನ ಏಸಿಯಲ್ಲಿ ನಿಂತು ಮಾಡಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ.

ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ನಿಲ್ಲಿಸಿ 60 ಸೆಕೆಂಡ್ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಪ್ಯಾಕಪ್ ಗಡಿಬಿಡಿಯಲ್ಲಿ ಎಲ್ಲರೂ ಬಿಡೋದು ಇದನ್ನೇ. ಫ್ರಿಜ್ ಆಫ್ ಮಾಡಿ, ಕಾರಿನ ಕೀ ಅದರೊಳಗೆ ಇಡಿ. ಹೊರಡೋವಾಗ ಕೀ ಹುಡುಕಿದ್ರೆ ಫ್ರಿಜ್ ಆನ್ ಮಾಡೋದು ನೆನಪಾಗುತ್ತೆ, ಮನೆಯವರ ಹಾಲು ಕೆಡಲ್ಲ. ಜನರೇಟರ್ ವ್ಯಾನ್ ಮನೆಯ ಹಿಂದೆ, ಗುಡ್ಡದ ಮರೆಗೆ, ಕನಿಷ್ಠ 100 ಮೀಟರ್ ಆಚೆ. ಕೇಬಲ್ ಉದ್ದ ಮೊದಲೇ ಹೇಳಿ ತರಿಸಿ.

ಬಣ್ಣದ_ಪೆಟ್ಟಿಗೆ
ರಕ್ತದ ವಿಷಯ ಯಾರೂ ಎತ್ತಿಲ್ಲ, ಅದಕ್ಕೆ ಹೇಳ್ತೀನಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗೋ ಲಿಕ್ವಿಡ್ ಗ್ಲೂಕೋಸ್ ಅರ್ಧ ಕೆಜಿ, ಬಿಸಿನೀರು 100 ಮಿಲಿ, ಕೆಂಪು ಫುಡ್ ಕಲರ್ ಎರಡು ಮೂರು ಚಮಚ, ನೀಲಿ ಎರಡು ಹನಿ, ಕೋಕೋ ಪುಡಿ ಒಂದು ಚಮಚ. ನೀಲಿ ಇಲ್ಲದಿದ್ರೆ ರಕ್ತ ಸ್ಕ್ರೀನ್ ಮೇಲೆ ರೋಸ್ ಮಿಲ್ಕ್ ಥರ ಕಾಣುತ್ತೆ. ಕೋಕೋ ಹಾಕೋದು ತೆಳ್ಳಗೆ ಹರಿದಾಗ ಗುಲಾಬಿ ಆಗದಿರಲಿ ಅಂತ. ಒಣಗಿದ ರಕ್ತಕ್ಕೆ ಕೋಕೋ ದುಪ್ಪಟ್ಟು. ಬಟ್ಟೆ ಮೇಲೆ ಹಾಕೋದಕ್ಕೆ ಒಂದು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಸೇರಿಸಿ, ಕಲೆ ಬೇಗ ಹೋಗುತ್ತೆ. ಬಾಯಿಂದ ಬರೋ ರಕ್ತದ ಬಾಟಲಿ ಬೇರೆ ಇರಲಿ, ಎರಡಕ್ಕೂ ದಪ್ಪಕ್ಷರದಲ್ಲಿ ಹೆಸರು ಬರೆದು ಅಂಟಿಸಿ.

ಮಲೆನಾಡ ಮನೆಯಲ್ಲಿ ಸಕ್ಕರೆ ಪಾಕ ನೆಲಕ್ಕೆ ಬಿದ್ರೆ ಹತ್ತು ನಿಮಿಷಕ್ಕೆ ಇರುವೆ ಸಾಲು. ಸತ್ತು ಬಿದ್ದಿರೋ ಪಾತ್ರದವರು ಅಲುಗಾಡೋದು ಅದಕ್ಕೇ. ಶಾಟ್ ಮುಗಿದ ಕೂಡಲೇ ಬಿಸಿನೀರಲ್ಲಿ ಒರೆಸಿ. ಕೆಂಪು ಸಿಮೆಂಟಿನ ನೆಲಕ್ಕೆ ಚಿಂತೆಯಿಲ್ಲ, ಪಾಲಿಶ್ ಇಲ್ಲದ ಮರ, ಸುಣ್ಣದ ಗೋಡೆ ಇದ್ರೆ ಕಲೆ ಹೋಗಲ್ಲ, ಮನೆ ಮಾಲೀಕರಿಗೆ ಮೊದಲೇ ತೋರಿಸಿ ಒಪ್ಪಿಗೆ ತಗೊಳ್ಳಿ. ರಕ್ತ ಬೀಳೋ ಉಡುಪು ಮೂರು ಜೊತೆ ಇರಲಿ.

ಒಂದೇಮನೆ_ಕಥೆ
ತುಂಬಾ ಥ್ಯಾಂಕ್ಸ್. ಮಳೆ, ಹೊಗೆ ಎರಡೂ ಸ್ಕ್ರಿಪ್ಟಲ್ಲಿವೆ. ನಿಜವಾದ ಮಳೆಗೇ ಕಾಯೋಣ ಅಂತ ಯೋಚನೆ. ಬಾಗಿಲು ತಾನೇ ತೆರೆಯೋ ಶಾಟಿಗೆ ಗ್ರಾಫಿಕ್ಸ್ ಕೊಟೇಶನ್ ಕೇಳಿ ತಲೆ ತಿರುಗ್ತು.

ಲೈಟ್_ಕಂಬ
ನಿಜವಾದ ಮಳೆ ಕ್ಯಾಮೆರಾಗೆ ಕಾಣಲ್ಲ, ಹಿಂದಿನಿಂದ ಬೆಳಕು ಬಿದ್ರೆ ಮಾತ್ರ ಕಾಣುತ್ತೆ. ಹೊಡೀಬೇಕಾದಾಗ ಹೊಡೆಯಲ್ಲ, ಕಂಟಿನ್ಯುಟಿ ಬೇಕಾದಾಗ ನಿಲ್ಲುತ್ತೆ. ಹಂಚಿನ ಮೇಲಿನ ಸದ್ದಿಗೆ ಮಾತು ಒಂದೂ ಸಿಗಲ್ಲ. ಟ್ಯಾಂಕರ್ ತರಿಸಿ. ಫ್ರೇಮ್ ಚಿಕ್ಕದಿರಲಿ, ಕಿಟಕಿಯಾಚೆ ಒಂದು ಪೈಪಿಗೆ ತೂತು ಹೊಡೆದು ನೀರು ಬಿಟ್ರೆ ಮುಕ್ಕಾಲು ದೃಶ್ಯಕ್ಕೆ ಸಾಕು. ನೀರಿರೋ ಕಡೆ ಪ್ರತಿ ಲೈನಿಗೂ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್) ಇಲ್ಲದೆ ಒಂದೂ ಲೈಟ್ ಹಚ್ಚಬೇಡಿ. ಇದರಲ್ಲಿ ಉಳಿತಾಯದ ಮಾತೇ ಇಲ್ಲ.

ಹೊಗೆ: ಒಳಾಂಗಣಕ್ಕೆ ಹೇಜ್ ಮಷಿನ್ (ತೆಳು ಮಂಜು ಬಿಡೋ ಯಂತ್ರ) ಬಾಡಿಗೆಗೆ ತಗೊಳ್ಳಿ. ಸಾಮ್ರಾಣಿ ಹೊಗೆ ಅಗ್ಗ, ಆದ್ರೆ ಗಂಟೆಗಟ್ಟಲೆ ಕುಡಿದ್ರೆ ಎಲ್ಲರ ಗಂಟಲು ಕಟ್ಟುತ್ತೆ, ಮರುದಿನ ನಾಯಕಿಯ ಧ್ವನಿಯೇ ಬೇರೆ. ಹೇಜ್ ಹಾಕಿ ಎರಡು ನಿಮಿಷ ಬಿಟ್ಟು, ಗಾಳಿ ಆಡಿಸಿ, ಸಮ ಆದ ಮೇಲೆ ಶಾಟ್. ಪ್ರತಿ ಶಾಟಿಗೂ ಹಿಂದಿನ ಶಾಟಿನ ಸ್ಟಿಲ್ ಪಕ್ಕದಲ್ಲಿಟ್ಟು ಹೋಲಿಸಿ.

ಬಾಗಿಲಿಗೆ ಗ್ರಾಫಿಕ್ಸ್ ಯಾಕೆ ಸರ್? ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟು, ಮೀನು ಹಿಡಿಯೋ ನೈಲಾನ್ ದಾರ ಕಟ್ಟಿ ಎಳೀರಿ. ದಾರ ಹೊಳೆದ್ರೆ ಪರ್ಮನೆಂಟ್ ಮಾರ್ಕರಿನಲ್ಲಿ ಕಪ್ಪು ಮಾಡಿ. ಎಳೆಯೋರು ಮೊದಲು ದಾರ ಬಿಗಿ ಮಾಡ್ಕೊಂಡು ಆಮೇಲೆ ಎಳೀಬೇಕು, ಇಲ್ಲಾಂದ್ರೆ ಬಾಗಿಲು ಜರ್ಕ್ ಹೊಡೀತದೆ. ಕಿರ್ರ್ ಸದ್ದು ಆಮೇಲೆ ಫೋಲಿಯಲ್ಲಿ (ಸ್ಟುಡಿಯೋದಲ್ಲಿ ಸದ್ದು ಮಾಡಿ ಸೇರಿಸೋದು).

ಪತ್ರ_ಪಡಿತರ
ಸ್ಕ್ರಿಪ್ಟಲ್ಲಿ ಕಪ್ಪು ಬೆಕ್ಕು, ನಾಯಿ, ಹಾವು ಏನಾದ್ರೂ ಇದೆಯಾ? ಇದ್ರೆ ಈಗಲೇ ಹೇಳಿ. ಪ್ರಾಣಿ ಬಳಸೋದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಮುಂಚಿನ ಅನುಮತಿ ಬೇಕು, ಶೂಟಿಂಗ್ ಆದ ಮೇಲೆ ಎನ್‌ಓಸಿ ಬೇಕು. ಅದಿಲ್ಲದೆ ಸೆನ್ಸಾರ್ ಮುಂದೆ ಹೋಗಲ್ಲ. ಹಾವು ವನ್ಯಜೀವಿ ಕಾಯ್ದೆಗೆ ಬರುತ್ತೆ, ರಬ್ಬರ್ ಅಥವಾ ಗ್ರಾಫಿಕ್ಸ್ ಅಷ್ಟೇ. ಗ್ರಾಫಿಕ್ಸ್ ಅಂದ್ರೂ ಅದನ್ನ ಪರದೆ ಮೇಲೆ ಬರೀಬೇಕು.

ಸರ್ಟಿಫಿಕೇಟ್ ಬಗ್ಗೆ: 2024ರ ನಿಯಮಗಳ ಪ್ರಕಾರ ಯು/ಎ ಈಗ ಮೂರು, 7+, 13+, 16+. ಹಾರರ್‌ಗೆ 16+ ಗುರಿಯಿಟ್ಟು ಎಡಿಟ್ ಮಾಡಿ. ‘ಎ’ ಬಂದ್ರೆ ಥಿಯೇಟರಲ್ಲಿ ಪರವಾಗಿಲ್ಲ, ಆದ್ರೆ ಹಾಗೇ ಟೀವಿಯಲ್ಲಿ ಹಾಕೋಕಾಗಲ್ಲ, ಕತ್ತರಿಸಿ ಮತ್ತೆ ಯು/ಎ ಮಾಡಿಸಬೇಕು, ಮತ್ತೆ ಖರ್ಚು. ಕತ್ತು ಸೀಳೋದನ್ನ ತೋರಿಸೋ ಬದಲು ನೋಡ್ತಿರೋರ ಮುಖ ತೋರಿಸಿ ಸೌಂಡಲ್ಲಿ ಮಾಡಿದ್ರೆ ಕಟ್ ಕಡಿಮೆ, ಭಯ ಜಾಸ್ತಿ. ಪರಿಶೀಲನಾ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ರೆ ರಿವೈಸಿಂಗ್ ಕಮಿಟಿ, ಅದಾದ ಮೇಲೆ ಹೈಕೋರ್ಟೇ. ಮಧ್ಯದ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ರದ್ದಾಗಿದೆ. ಆದ್ದರಿಂದ ದಿನಾಂಕ ಘೋಷಿಸಿ ಸೆನ್ಸಾರಿಗೆ ಹೋಗ್ಬೇಡಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ದಿನಾಂಕ.

ವಿಲನ್ ಕೈಯಲ್ಲಿ ಸಿಗರೇಟು ಬೇಕಾ, ಯೋಚಿಸಿ. ಒಂದೇ ಶಾಟ್ ಇದ್ರೂ ಶುರುವಿನಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಎಚ್ಚರಿಕೆ, ದೃಶ್ಯ ಇರೋವಷ್ಟು ಹೊತ್ತು ಕೆಳಗೆ ಬರಹ. ಇಂಟರ್‌ವಲ್ ಆದ ಕೂಡಲೇ ಹೆದರಿಸೋ ಪ್ಲಾನ್ ಇದ್ರೆ ಅದು ಅಲ್ಲೇ ಸತ್ತಂತೆ.

ಥಿಯೇಟರಲ್ಲಿ ಹಾಕೋ ಟ್ರೇಲರ್‌ಗೂ ಬೇರೆ ಸರ್ಟಿಫಿಕೇಟ್ ಬೇಕು. ಯೂಟ್ಯೂಬಿಗೆ ಬೇಡ.

ಕಡಿಮೆಖರ್ಚು
ದುಡ್ಡು ಸಾಲದಿದ್ರೆ ಕ್ರೌಡ್ ಫಂಡಿಂಗ್? ‘ಲೂಸಿಯಾ’ ಥರ?

ಪತ್ರ_ಪಡಿತರ
2013ರಲ್ಲಿ ಬಂದ ಆ ಸಿನಿಮಾ ಪ್ರೇಕ್ಷಕರಿಂದ ಸುಮಾರು 50 ಲಕ್ಷ ಕೂಡಿಸಿತ್ತು, ನಿಜ. ನಿರ್ದೇಶಕರ ಮೇಲೆ ಜನಕ್ಕೆ ಆಗಲೇ ನಂಬಿಕೆ ಇತ್ತು. ನೀವು ಮಾಡೋದಾದ್ರೆ ಟಿಕೆಟ್, ಪೋಸ್ಟರ್, ಪರದೆ ಮೇಲೆ ಹೆಸರು ಕೊಡೋದು ಒಂದು ದಾರಿ. ಲಾಭದಲ್ಲಿ ಪಾಲು ಕೊಡ್ತೀನಿ ಅಂತ ಸೋಷಿಯಲ್ ಮೀಡಿಯಾದಲ್ಲಿ ಎಲ್ಲರಿಗೂ ಕೂಗಿ ಹೇಳಿದ್ರೆ ಸೆಬಿ ಕಾನೂನಿಗೆ ಸಿಕ್ಕಿ ಬೀಳ್ತೀರಿ. ಪ್ರೈವೇಟ್ ಲಿಮಿಟೆಡ್ ಮಾಡಿ ಷೇರು ಕೊಡೋದಾದ್ರೂ ಒಂದು ಆರ್ಥಿಕ ವರ್ಷಕ್ಕೆ 200 ಜನಕ್ಕಿಂತ ಹೆಚ್ಚು ಮಂದಿಗೆ ಆಹ್ವಾನ ಕೊಡೋ ಹಾಗಿಲ್ಲ. ಸಿಎ ಹತ್ರ ಕೂತು ಮಾಡಿ.

ಬೂಮ್_ಕೋಲು
ಮಿಕ್ಸಿಂಗ್ ವಿಷಯ ಒಂದಿದೆ. ಸ್ಟುಡಿಯೋದಲ್ಲಿ ಫೇಡರ್ (ವಾಲ್ಯೂಮ್ ಮಟ್ಟ) 7ರಲ್ಲಿ, 85 ಡೆಸಿಬೆಲ್ ಲೆಕ್ಕದಲ್ಲಿ ಮಿಕ್ಸ್ ಮಾಡ್ತಾರೆ. ಥಿಯೇಟರಿನವರು 7ರಲ್ಲಿ ಹಾಕೋದೇ ಇಲ್ಲ. ಜನ ಕೂಗಾಡಿದ್ರು ಅಂತ 5ಕ್ಕೆ ಇಳಿಸಿರ್ತಾರೆ, ಅಲ್ಲಿಗೆ ಸುಮಾರು ಆರೂವರೆ ಡೆಸಿಬೆಲ್ ಹೋಯ್ತು. ನೀವು ಕಷ್ಟಪಟ್ಟು ಇಟ್ಟ ಪಿಸುಮಾತು ಏಸಿ ಸದ್ದಲ್ಲಿ ಮುಳುಗುತ್ತೆ. ಆಮೇಲೆ ದಿಢೀರ್ ಸದ್ದು ಬಂದಾಗ ಆಪರೇಟರ್ ಇನ್ನೂ ಇಳಿಸ್ತಾನೆ! ಹೆದರಿಸೋ ಸದ್ದನ್ನ ಇನ್ನೂ ಜೋರು ಮಾಡೋದು ಪರಿಹಾರ ಅಲ್ಲ. ಅದಕ್ಕೆ ಮುಂಚಿನ ಎರಡು ಮೂರು ಸೆಕೆಂಡ್ ಜೀರುಂಡೆ, ಗಾಳಿ, ಮ್ಯೂಸಿಕ್ ಎಲ್ಲಾ ತೆಗೀರಿ. ಸಣ್ಣ ಸದ್ದೂ ಆಗ ಎದೆಗೆ ಬಡಿಯುತ್ತೆ. ಮಾತಿನ ಮಟ್ಟ ಮಾತ್ರ ಫೇಡರ್ 5ರಲ್ಲೂ ಕೇಳೋ ಹಾಗಿರಲಿ.

ಮಿಕ್ಸ್ ಮುಗಿದ ದಿನವೇ ಎಂ ಆಂಡ್ ಇ ಟ್ರ್ಯಾಕ್ ತಗೊಳ್ಳಿ, ಅಂದ್ರೆ ಮಾತು ತೆಗೆದು ಮ್ಯೂಸಿಕ್ ಮತ್ತು ಎಫೆಕ್ಟ್ಸ್ ಮಾತ್ರ ಇರೋದು. ಸಿಂಕ್ ಮಾಡಿದ ದೃಶ್ಯದಲ್ಲಿ ಮಾತು ತೆಗೆದ್ರೆ ಹೆಜ್ಜೆ, ಬಟ್ಟೆ ಸದ್ದೂ ಹೋಗಿರುತ್ತೆ, ಅದನ್ನ ಫೋಲಿಯಲ್ಲಿ ತುಂಬಿಸಿ.

ಗಾಂಧಿನಗರ_ಕಾರ್ನರ್
ಅದು ಬರೀ ಸೌಂಡಿನ ವಿಷಯ ಅಲ್ಲ, ವ್ಯಾಪಾರದ ವಿಷಯ. ಹಾರರ್, ಥ್ರಿಲ್ಲರ್‌ಗೆ ಹಿಂದಿ ಡಬ್ಬಿಂಗ್ ಹಕ್ಕು ಕೊಳ್ಳೋರು ಮೊದಲು ಕೇಳೋದೇ ಎಂ ಆಂಡ್ ಇ ಇದೆಯಾ ಅಂತ. ಇಲ್ಲ ಅಂದ್ರೆ ಬೆಲೆ ಇಳಿಸ್ತಾರೆ. ಪರದೆ ಮೇಲೆ ಬರಹ ಇಲ್ಲದ ಕಾಪಿಯನ್ನೂ ಕೇಳ್ತಾರೆ. ಒಪ್ಪಂದದಲ್ಲಿ ಎಷ್ಟು ವರ್ಷ, ಯಾವ ಭಾಷೆ, ಯಾವ ದೇಶ ಅಂತ ಬರೆಸಿ. "ಶಾಶ್ವತ", "ಎಲ್ಲಾ ಮಾಧ್ಯಮ" ಅನ್ನೋ ಪದ ಕಂಡ್ರೆ ಪೆನ್ ಕೆಳಗಿಡಿ. ರೀಮೇಕ್ ಹಕ್ಕನ್ನ ಅದರೊಳಗೆ ಸೇರಿಸೋಕೆ ಬಿಡ್ಬೇಡಿ.

ಇನ್ನು ಬಿಡುಗಡೆ. ಸಿಂಗಲ್ ಸ್ಕ್ರೀನ್ ಹೆಚ್ಚಾಗಿ ವಾರದ ಬಾಡಿಗೆ ಲೆಕ್ಕ, ಜನ ಬರಲಿ ಬಿಡಲಿ ಕೊಡಬೇಕು. ಹೊಸಬರ ಚಿತ್ರಕ್ಕೆ ಗಾಂಧಿನಗರದಲ್ಲೊಂದು ಮುಖ್ಯ ಚಿತ್ರಮಂದಿರ ಪ್ರತಿಷ್ಠೆಗೆ ಅಂತ ಹಿಡೀತಾರೆ. ಅದು ಬೇಕೇ ಬೇಕು ಅಂದ್ರೆ ಒಂದೇ ಸಾಕು. ಉಳಿದಂತೆ ಶೇಕಡಾವಾರು ಕೊಡೋ ಕಡೆ ಮಾತ್ರ. ಡಿಜಿಟಲ್ ಪ್ರದರ್ಶನ ಕಂಪನಿಗಳಾದ ಕ್ಯೂಬ್, ಯುಎಫ್‌ಓ ಶುಲ್ಕ ಪ್ರತಿ ಸ್ಕ್ರೀನಿಗೆ, ಪ್ರತಿ ವಾರಕ್ಕೆ ಬೀಳುತ್ತೆ. 120 ಕಡೆ ಹಾಕಿ ಎಲ್ಲೆಡೆ ಹತ್ತು ಜನ ಕೂರೋದಕ್ಕಿಂತ ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ ಸೇರಿ 30–40 ಸ್ಕ್ರೀನ್ ಇರಲಿ.

ಮಲ್ಟಿಪ್ಲೆಕ್ಸಿನವರು ಹೊಸಬರಿಗೆ ಬೆಳಗ್ಗೆ 10ರ ಶೋ ತಳ್ಳುತ್ತಾರೆ. ಹಾರರ್‌ಗೆ ಅದು ಕೆಲಸಕ್ಕೆ ಬಾರದ ಶೋ. ಎರಡು ಬೆಳಗಿನ ಶೋ ಬಿಟ್ಟುಕೊಟ್ಟು ಒಂದು ರಾತ್ರಿ ಶೋ ಕೇಳಿ. ಭಾನುವಾರ ಸಂಜೆಯ ಸೀಟು ನೋಡಿ ಸೋಮವಾರದ ಶೋ ಕಡಿತ ಆಗುತ್ತೆ. ಆದ್ದರಿಂದ ಪ್ರಚಾರದ ದುಡ್ಡನ್ನ ಗುರುವಾರಕ್ಕೇ ಖಾಲಿ ಮಾಡ್ಬೇಡಿ, ಮೂರನೇ ಒಂದು ಭಾಗ ಶನಿವಾರಕ್ಕೆ ಇರಲಿ. ಪಿಯು ಪರೀಕ್ಷೆ ಸಮಯ, ದೊಡ್ಡ ಸ್ಟಾರಿನ ಹಿಂದಿನ ಮುಂದಿನ ವಾರ ಬೇಡ. ಸರ್ಕಾರದ ಸಹಾಯಧನ ಬಂದ್ರೆ ಬೋನಸ್, ಅದು ಕೈಸೇರೋಕೆ ವರ್ಷಗಳೇ ಹಿಡಿಯುತ್ತೆ, ಬಜೆಟ್ಟಿನಲ್ಲಿ ಆದಾಯ ಅಂತ ಬರೀಬೇಡಿ.

ಡಿಐ_ರೂಮ್
ಡಿಸಿಪಿ (ಥಿಯೇಟರಿಗೆ ಹೋಗೋ ಡಿಜಿಟಲ್ ಕಾಪಿ) ಮಾಡಿಸೋ ಮುಂಚೆ ಒಂದು ಮಾಮೂಲಿ ಥಿಯೇಟರಲ್ಲಿ ಬೆಳಗ್ಗೆ ಎರಡು ರೀಲ್ ಹಾಕಿಸಿ ನೋಡಿ. ಪರದೆಯ ಹೊಳಪು 14 ಫುಟ್‌ಲ್ಯಾಂಬರ್ಟ್ ಇರಬೇಕು ಅನ್ನೋದು ಪುಸ್ತಕದ ಮಾತು. ಹಳೇ ಲ್ಯಾಂಪ್ ಇದ್ದಲ್ಲಿ ಅದಕ್ಕಿಂತ ತುಂಬಾ ಕಡಿಮೆ, ನಿಮ್ಮ ಕತ್ತಲ ದೃಶ್ಯ ರೇಡಿಯೋ ನಾಟಕ ಆಗುತ್ತೆ. ಅಲ್ಲಿ ಮುಖ ಕಂಡ್ರೆ ಎಲ್ಲಾ ಕಡೆ ಕಾಣುತ್ತೆ. ಓಟಿಟಿ ಕಾಪಿಗೆ ಸಣ್ಣ ಗ್ರೇನ್ (ಫಿಲ್ಮಿನಂಥ ಸಣ್ಣ ಚುಕ್ಕಿ) ಸೇರಿಸಿ, ಇಲ್ಲಾಂದ್ರೆ ಕತ್ತಲ ಗೋಡೆಯಲ್ಲಿ ಪಟ್ಟೆ ಪಟ್ಟೆ ಬರುತ್ತೆ.

ಕೆಡಿಎಂ, ಅಂದ್ರೆ ಸರ್ವರ್ ಬೀಗ ತೆಗೆಯೋ ಕೀ, ಶುಕ್ರವಾರ ಬೆಳಗ್ಗೆ 9ಕ್ಕೆ ಶುರುವಾಗೋ ಹಾಗೆ ಮಾಡಿಸಬೇಡಿ. ಗುರುವಾರ ರಾತ್ರಿಯಿಂದಲೇ ಇರಲಿ, ಟೆಸ್ಟ್ ಹಾಕೋಕೆ. ಥಿಯೇಟರಿನವರು ಸರ್ವರ್ ಬದಲಿಸಿದ್ರೆ ಹಳೇ ಕೀ ಕೆಲಸ ಮಾಡಲ್ಲ. ಪ್ರತಿ ಸ್ಕ್ರೀನಿಗೂ ಬುಧವಾರವೇ ಫೋನ್ ಮಾಡಿ ಕೇಳಿ.

ಒಂದೇಮನೆ_ಕಥೆ
ಅಲೆಕ್ಸಾ ಕೈಬಿಟ್ಟೆವು, ಛಾಯಾಗ್ರಾಹಕರು ಮುನಿಸ್ಕೊಂಡಿದ್ದಾರೆ. ಬೆಕ್ಕನ್ನೂ ತೆಗೆದ್ವಿ, ಸದ್ದು ಮಾತ್ರ ಇಡ್ತೀವಿ. ಮುಂದಿನ ವಾರ ಫಸ್ಟ್ ಲುಕ್ ಬಿಡ್ತೀವಿ.

ಪತ್ರ_ಪಡಿತರ
ಫಸ್ಟ್ ಲುಕ್ ಬಿಡೋ ಮುಂಚೆ ಟೈಟಲ್ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ರಿಜಿಸ್ಟರ್ ಆಗಿದೆಯಾ? ಬ್ಯಾನರ್ ಹೆಸರು? ನಿಮ್ಮ ಬಾಂಡ್ ಪೇಪರಿನಲ್ಲಿ ಕಥೆಗಾರರ ಸಹಿ ಇದೆಯಾ? ಮೂರರಲ್ಲಿ ಒಂದಿಲ್ಲದಿದ್ರೂ ಪೋಸ್ಟರ್ ತಡೆಹಿಡಿರಿ.